ಆಚೆ ದಂಡೆಯ ಕೂಸು

"ಅಬ್ಬಾ, ತೆಗೀಲೇನ್ರಿ?" ಎಂದು ಮುಬೀನಾ ಎರಡನೇ ಸಲ ಕೇಳಿದಳು. ಟಿ.ವಿ.ಯ ಮೇಲೆ ಹೊದಿಸಿದ್ದ ಬಿಳಿ ಓಢಣಿಯ ಅಂಚು ಅವಳ ಕೈಯಲ್ಲಿತ್ತು.

ಮಲಿಕಸಾಬ ತಸ್ಬಿಯ ಮಣಿ ಎಣಿಸುತ್ತಲೇ ತಲೆಯಾಡಿಸಿದ. ಆ ಓಢಣಿ ಅವನ ಹೆಂಡತಿ ಸರ್ವರಬಿಯದು. ಅವಳು ತೀರಿಕೊಂಡ ದಿನ ಸೊಸೆ ಮುಬೀನಾನೇ ಅದನ್ನು ಟಿ.ವಿ.ಗೆ ಹೊದಿಸಿದ್ದಳು. ಅಂದಿನಿಂದ ನಲವತ್ತು ದಿನ ಆ ಮನೆಯಲ್ಲಿ ಕುರಾನ್ ಓದುವ ದನಿ, ಬಂದುಹೋಗುವವರ ದನಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಿನ್ನೆ ನಲವತ್ತರ ಫಾತಿಹಾ ಪ್ರಾರ್ಥನೆ ಮುಗಿದಿತ್ತು. ಮುಬೀನಾ ಓಢಣಿಯನ್ನು ಎಳೆದು, ನಾಲ್ಕು ಮಡಿಕೆ ಮಾಡಿ, ಮಾವನ ಮಗ್ಗುಲಲ್ಲಿಟ್ಟಳು. ಅವನು ಅದರ ಮೇಲೊಂದು ಕೈ ಇಟ್ಟುಕೊಂಡು ಕುಳಿತ.

ಮೊಮ್ಮಗಳು ಮಸರತ ಇದಕ್ಕೇ ಕಾದಿದ್ದಳು. ಅವಳು ಅಕ್ಕೋಳದಿಂದ ದಿನಾ ಬಸ್ಸಿನಲ್ಲಿ ನಿಪ್ಪಾಣಿಯ ಕಾಲೇಜಿಗೆ ಹೋಗಿಬರುವ ಹುಡುಗಿ.

"ದಾದಾ, ಇವತ್ತ ನಿಮ್ಮ ಪಿಚ್ಚರ್ ಹಚ್ಚತೀನಿ."

"ನಂದ್ಯಾವ ಪಿಚ್ಚರ್ ಬೇ?"

"ಅಂಬಿಗಂದು. ದಾದಿ ಹೇಳತಿದ್ಲಲ್ಲ, ಸಮಾಧಾನ ಅಂಬಿಗ, ಅವನ ಕೂಸು, ಆ ಹೊಳಿ... ಹಾಲಿವುಡ್‌ದವರು ಅದನ್ನ ಹೊಸದಾಗಿ ತಗದಾರ. ಕನ್ನಡದಾಗ ಮಾತಾಡತೈತಿ ಈಗ."

ಮಲಿಕಸಾಬನ ಬೆರಳು ತಸ್ಬಿಯ ಮೇಲೆ ನಿಂತಿತು. ಬೇಡವೆನ್ನಬೇಕು ಅನ್ನಿಸಿತು. ಆದರೆ ಹುಡುಗಿ ಆಗಲೇ ಎದುರು ಮನೆಯ ಗಂಗೂಬಾಯಿಯನ್ನು ಕರೆಯಲು ಓಡಿದ್ದಳು.

ಗಂಗೂಬಾಯಿ ಮೊಣಕಾಲು ಹಿಡಿದುಕೊಂಡು ಬಂದಳು. ಹಿಂದೆ ಅವಳ ಮಗ ಶ್ರೇಣಿಕ ಒಂದು ಕುರ್ಚಿ ಹೊತ್ತು ತಂದ. ಅವನು ತಂಬಾಕಿನ ವ್ಯಾಪಾರಿ. ಎಲ್ಲದಕ್ಕೂ ಒಂದು ಮಾತು ಅವನ ಬಾಯಲ್ಲಿ ಸಿದ್ಧವಿರುತ್ತಿತ್ತು.

"ಹೊತ್ತ ಮುಳುಗೂದ್ರಾಗ ನನ್ನ ಊಟ ಆಗಬೇಕ ನೋಡವಾ," ಎಂದು ಗಂಗೂಬಾಯಿ ಮೊದಲೇ ಹೇಳಿದಳು. ಜೈನರ ಮನೆಯ ಮುದುಕಿ. ಮದುವೆಯಾಗಿ ಬಂದಂದಿನಿಂದ ಸೂರ್ಯ ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕಿದವಳಲ್ಲ.

"ಎರಡ ತಾಸಿನ ಪಿಚ್ಚರ್, ಅಜ್ಜಿ. ಹೊತ್ತ ಇರೂದ್ರಾಗ ಮುಗೀತೈತಿ."

"ಈ ಹಾಲಿವುಡ್ ಮಂದೀಗೆ ಹೊಸಾ ಕತಿನ ಹುಟ್ಟವಲ್ದು," ಎಂದ ಶ್ರೇಣಿಕ. "ಅಜ್ಜನ ಅಂಗೀಗೆ ಇಸ್ತ್ರಿ ಹೊಡದು ಮೊಮ್ಮಗಗ ಹಾಕತಾರ. ಹೌದಲ್ರಿ ಮಲಿಕ್ ಕಾಕಾ?"

"ಹಾಕಿದ್ರೇನಾತು ಕಾಕಾ?" ಎಂದಳು ಮಸರತ. "ಹಳೇದನ್ನ ನಾವೆಲ್ಲಿ ಹುಡುಕೂನು? ಹೊಸದಾಗಿ ಮಾಡಿದ್ರ ನಮಗೂ ಸಿಗತೈತಿ."

"ಮಲಿಕಣ್ಣ ಜನ್ಮಪೂರ್ತಿ ಅದನ್ನ ಮಾಡ್ಯಾನಲ್ಲ," ಎಂದು ಗಂಗೂಬಾಯಿ ನಕ್ಕಳು. "ಹಳೆ ಗಾದಿ ಬಿಚ್ಚೂದು, ಹತ್ತಿ ಹಿಂಜೂದು, ಹೊಸಾ ಖೋಳಿನ್ಯಾಗ ತುಂಬೂದು."

ಮಲಿಕಸಾಬನೂ ಸಣ್ಣಗೆ ನಕ್ಕ. ಗಾದಿಯ ಕೆಲಸ ಅವನ ಹೊಟ್ಟೆಪಾಡು, ನಿಜ. ಆದರೆ ಅದಕ್ಕೂ ಮೊದಲು ಅವನಿಗೆ ಇನ್ನೊಂದು ಕೆಲಸವಿತ್ತು.

ಐವತ್ತು ವರ್ಷಗಳ ಹಿಂದಿನ ಮಾತು. ಗಂಗೂಬಾಯಿಯ ಗಂಡ ದಾದಾಸಾಹೇಬರು ಸುತ್ತಲ ಊರುಗಳಲ್ಲಿ ಟೆಂಟ್ ಹಾಕಿ ಸಿನಿಮಾ ತೋರಿಸುತ್ತಿದ್ದರು. ಸೋಮವಾರ, ಮಂಗಳವಾರ ಮಂದಿ ಕಡಿಮೆ. ಆ ಎರಡು ದಿನ ಅಗ್ಗದ ಬಾಡಿಗೆಯ ಇಂಗ್ಲಿಷ್ ಸಿನಿಮಾ ತರುತ್ತಿದ್ದರು. ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. "ಲೇ ಮಲಿಕ, ನಿನ್ನ ಬಾಯಿ ದೊಡ್ಡದೈತಿ, ಅದನ್ನ ಕೆಲಸಕ್ಕ ಹಚ್ಚು," ಎಂದು ದಾದಾಸಾಹೇಬರು ಅವನ ಕೈಗೆ ಮೈಕು ಕೊಟ್ಟರು. ಇಂಗ್ಲಿಷ್ ಬಲ್ಲ ಸಿದ್ದಲಿಂಗ ಮಾಸ್ತರರು ಮೊದಲೇ ಕತೆ ತಿಳಿದುಕೊಂಡು ಹಾಳೆಯಲ್ಲಿ ಬರೆದುಕೊಡುವರು. ಮಲಿಕಸಾಬ ಪರದೆಯ ಪಕ್ಕದಲ್ಲಿ ನಿಂತು, ಸಿನಿಮಾದ ದನಿ ಇಳಿಸಿ, ತನ್ನ ದನಿಯಲ್ಲಿ ಕತೆ ಹೇಳುವನು. ಇಂಗ್ಲಿಷ್ ಅಂಬಿಗನ ಹೆಸರು ನಾಲಿಗೆಗೆ ಹೊರಳದೆ ಅವನಿಗೆ ಸಮಾಧಾನ ಎಂದು ಹೆಸರಿಟ್ಟ. ಅವನ ಹೊಳೆಯನ್ನು ಸತ್ತಿ ಎಂಬ ಊರಿನ ಹತ್ತಿರದ ಕೃಷ್ಣೆ ಮಾಡಿದ. ಮಂದಿ ಅದನ್ನೇ ನಂಬಿದರು.

ಹೊಸ ಪಿಚ್ಚರಿನ ಹೊಳೆ ಚೆನ್ನಾಗಿತ್ತು. ನೀರಿನ ಬಣ್ಣ, ಮುಂಜಾವಿನ ಮಂಜು, ದೋಣಿಯ ಹಲಗೆಯ ಬಿರುಕು ಎಲ್ಲ ಕಣ್ಣಿಗೆ ಕಟ್ಟುವಂತಿತ್ತು. ಮಲಿಕಸಾಬ ಮನಸ್ಸಿನಲ್ಲೇ ಮೆಚ್ಚಿದ. ಆದರೆ ಅಂಬಿಗ ಬಾಯಿ ತೆರೆದು, "ಮಗಳೇ, ಈ ನದಿಯನ್ನು ಎಂದಿಗೂ ನಂಬಬೇಡ," ಎಂದಾಗ ಶ್ರೇಣಿಕ ತೊಡೆ ತಟ್ಟಿಕೊಂಡು ನಕ್ಕ.

"ಏ ಇವ ಬೆಂಗಳೂರಾಗ ಸಾಲಿ ಕಲತಾನಲೇ! ಟೈ ಕಟ್ಟಿಕೊಂಡು ಹುಟ್ಟು ಹಾಕಾಕತ್ತಾನ!"

ನಡುವೆ ಅಸರ್ ನಮಾಜಿಗೆ ಮಲಿಕಸಾಬ ಎದ್ದು ಹೋದ. ಅವನು ಮಸೀದಿಯಿಂದ ಬರುವವರೆಗೆ ಮಸರತ ಪಿಚ್ಚರ್ ನಿಲ್ಲಿಸಿದ್ದಳು. ಹೀಗಾಗಿ ಹೊತ್ತು ಜರುಗಿತು. ಹೊಳೆಗೆ ಮಹಾಪೂರ ಬಂದು ಅಂಬಿಗನ ಮಗಳು ಕೊಚ್ಚಿಹೋಗುವ ವೇಳೆಗೆ ಬಾಗಿಲಿನಿಂದ ಒಳಬಂದ ಬಿಸಿಲು ಗೋಡೆ ಏರಿತ್ತು.

"ಅವ್ವಾ, ಏಳು. ಊಟದ ಹೊತ್ತಾತು," ಎಂದ ಶ್ರೇಣಿಕ.

"ತಡಿಯೋ. ಕೂಸು ಸಿಗೂದು ನೋಡಿ ಬರತೀನಿ."

ಕೂಸು ಸಿಗಲಿಲ್ಲ. ಸಿಕ್ಕದ್ದು ಹೆಣ. ಹೊಸ ಪಿಚ್ಚರಿನವರು ಏನನ್ನೂ ಮುಚ್ಚಿಡಲಿಲ್ಲ. ಕೆಸರು ಮೆತ್ತಿದ ಸಣ್ಣ ಕಾಲನ್ನು ಹತ್ತಿರದಿಂದ ತೋರಿಸಿದರು. ಸಣ್ಣ ಪೆಟ್ಟಿಗೆಯನ್ನು ಮಣ್ಣಿಗೆ ಇಳಿಸಿದರು. ಅಂಬಿಗ, "ನದಿ ನನ್ನ ಮಗಳನ್ನು ನುಂಗಿತು. ಇನ್ನು ನನಗೆ ಯಾವ ದಡವೂ ಇಲ್ಲ," ಎಂದ. ಆಮೇಲೆ ಒಬ್ಬನೇ ದೋಣಿ ನಡೆಸುತ್ತ ಮಂಜಿನೊಳಗೆ ಹೋದ. ಹೆಸರುಗಳು ಮೇಲೇರತೊಡಗಿದವು.

ಮೊದಲು ಬಾಯಿ ತೆರೆದವನು ಶ್ರೇಣಿಕನೇ.

"ಅಯ್ಯ ಇವನ! ಕೂಸು ಸತ್ತ ಹೋತಲ್ರಿ ಕಾಕಾ! ನೀವು ಐವತ್ತ ವರ್ಷ ಊರಿಗೆಲ್ಲ ಟೋಪಿ ಹಾಕೀರಿ ನೋಡ್ರಿ!"

ಮಸರತ ತನ್ನ ಫೋನಿನಲ್ಲಿ ಏನೋ ಹುಡುಕಿದಳು. "ಹಳೇ ಪಿಚ್ಚರಿನ್ಯಾಗೂ ಸಾಯತಾಳಂತ, ದಾದಾ. ಇಲ್ಲಿ ಬರದಾರ," ಎಂದಳು. ಅವಳ ದನಿ ಇಳಿದಿತ್ತು. "ಆದರ ದಾದಿ ನನಗ ದಿನಾ ಹೇಳತಿದ್ಲು, ಕೂಸು ಆಚೆ ದಂಡೀಗೆ ಮುಟ್ಟತೈತಿ ಅಂತ. ದಾದಿ ಸುಳ್ಳ ಹೇಳತಿದ್ಲೇನು?"

ಮಲಿಕಸಾಬ ಓಢಣಿಯ ಮೇಲಿನ ಕೈಯನ್ನು ಮುಷ್ಟಿ ಮಾಡಿದ.

ಮಲಿಕಸಾಬ, ಸರ್ವರಬಿಯರ ಮೊದಲ ಮಗಳು ಜೈತೂನ. ಮೂರು ವರ್ಷದವಳಿದ್ದಾಗ ಜ್ವರ ಬಂದು ಎರಡೇ ದಿನದಲ್ಲಿ ಹೋದಳು. ಸರ್ವರಬಿ ಅಳಲೂ ಇಲ್ಲ. ಮಾತು ಬಿಟ್ಟಳು, ಒಲೆಯ ಮುಂದೆ ಕೂಡುವುದನ್ನು ಬಿಟ್ಟಳು. "ಹೆಣ್ಣಮಗಳನ್ನ ಹಿಂಗ ಕತ್ತಲಾಗ ಕುಂಡ್ರಸಬ್ಯಾಡ, ಟೆಂಟಿಗೆ ಕರಕೊಂಡ ಬಾ," ಎಂದು ದಾದಾಸಾಹೇಬರು ಬೈದ ಮೇಲೆ ಒಂದು ಸೋಮವಾರ ಮಲಿಕಸಾಬ ಅವಳನ್ನು ಕರೆತಂದು ಹೆಂಗಸರ ಕಡೆ ಗಂಗೂಬಾಯಿಯ ಪಕ್ಕದಲ್ಲಿ ಕೂಡಿಸಿದ. ಅಂದು ಇದೇ ಅಂಬಿಗನ ಪಿಚ್ಚರು. ಮಾಸ್ತರರಿಗೆ ಬರೆಯಲು ಹೊತ್ತು ಸಾಲದೆ ಮೊದಲ ಹಾಳೆ ಮಾತ್ರ ಕೊಟ್ಟಿದ್ದರು. ಎರಡನೆಯದು ಅವನ ಕೈ ಸೇರಿದ್ದು ಇಂಟರ್ವಲ್‌ನಲ್ಲಿ. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಅವನು ಕೊನೆಯ ಸಾಲು ಓದಿದ: ಹುಡುಗಿ ಸಾಯುತ್ತಾಳೆ.

ಹೆಂಗಸರ ಕಡೆ ನೋಡಿದ. ಸರ್ವರಬಿ ಪರದೆಯನ್ನೇ ನೋಡುತ್ತಿದ್ದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣು ಒಂದು ಕಡೆ ನಿಂತಿತ್ತು.

ಹಾಳೆಯನ್ನು ಮಡಿಚಿ ಜೇಬಿಗಿಟ್ಟ. ಹಳೆಯ ಪಿಚ್ಚರಿನಲ್ಲಿ ಹೆಣ ತೋರಿಸಿರಲಿಲ್ಲ. ಬರೀ ಅಂಬಿಗನ ಮಾತು, ಆಮೇಲೆ ಖಾಲಿ ಹೊಳೆಯಲ್ಲಿ ಒಂದು ದೋಣಿ. ಮಲಿಕಸಾಬ ಮೈಕು ಹಿಡಿದು, ಕೂಸು ಸತ್ತಿಲ್ಲ, ಆಚೆ ದಂಡೆಯ ಮಂದಿ ಎತ್ತಿಕೊಂಡಿದ್ದಾರೆ, ಅಪ್ಪ ಕರೆತರಲು ಹೊರಟಿದ್ದಾನೆ ಎಂದ. ಮರುದಿನ ಮುಂಜಾನೆ ಸರ್ವರಬಿ ಒಲೆ ಹೊತ್ತಿಸಿ ರೊಟ್ಟಿ ಬಡಿದಳು. ರೊಟ್ಟಿ ನೀಡುವಾಗ, "ಆ ಅಂಬಿಗ ಮುಟ್ಟಿದ್ನೇನ್ರಿ?" ಎಂದು ಕೇಳಿದಳು. "ಮುಟ್ಟಿದ," ಎಂದ. ಆಮೇಲೆ ಆ ಪಿಚ್ಚರು ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಕೂಸು ಬದುಕಿತು.

ಐವತ್ತು ವರ್ಷ ದಿನಕ್ಕೆ ಐದು ಸಲ ಅವನು ಅಲ್ಲಾಹನ ಮುಂದೆ ಬಾಗಿದ್ದ. ತಿಳಿದು ಮಾಡಿದ ತಪ್ಪಿಗೆ, ತಿಳಿಯದೆ ಮಾಡಿದ ತಪ್ಪಿಗೆ ಕ್ಷಮೆ ಬೇಡಿದ್ದ. ಇದೊಂದಕ್ಕೆ ಮಾತ್ರ ಎಂದೂ ಬೇಡಿರಲಿಲ್ಲ.

"ಮಸರತ," ಎಂದ. "ನಿಮ್ಮ ದಾದಿ ಸುಳ್ಳ ಹೇಳಿಲ್ಲ. ಪಿಚ್ಚರ್ ಸುಳ್ಳ ಹೇಳಾಕತ್ತೈತಿ."

ಶ್ರೇಣಿಕ ನಕ್ಕ. "ಕಾಕಾ, ತಗದವರಿಗಿಂತ ನಿಮಗ ಹೆಚ್ಚ ಗೊತ್ತೇನ್ರಿ? ಅವರ ಕತಿ, ಅವರ ಕೂಸು."

"ಅವರ ಕೂಸು ಹೆಂಗಾತಪಾ? ಒಂದ ಸಲ ಕೊಂದಿದ್ರು. ಹೊಸಾದ ತಗೀತೀವಿ ಅಂತ ಮತ್ತ ಎಬ್ಬಿಸಿದ್ರು. ಎಬ್ಬಿಸಿ ಏನ ಮಾಡಿದ್ರು? ಮತ್ತ ಕೊಂದ್ರು, ಇನ್ನಷ್ಟ ಹತ್ತರದಿಂದ ತೋರಿಸಿ." ಅವನು ಗೋಡೆ ಹಿಡಿದು ಎದ್ದ. "ನಾನೂ ಹಳೇದನ್ನ ಹೊಸಾದ ಮಾಡಿದಾಂವ. ಹತ್ತಿ ಹಿಂಜಿದ್ರ ಧೂಳ ಹೊರಗ ಹೋಗಬೇಕು, ಹತ್ತಿ ಉಳೀಬೇಕು. ಇವರು ಧೂಳ ಇಟಗೊಂಡು ಹತ್ತಿ ಒಗದಾರ."

"ಮಂದೀಗೆ ಖರೇ ಬೇಕಲ್ರಿ ಈಗ."

"ಖರೇ ನನಗ ಹೇಳಬ್ಯಾಡ ಶ್ರೇಣಿಕ. ನಾನು ಈ ಕೈಲೆ ಮಣ್ಣ ಹಾಕೇನಿ, ಎರಡ ಸಲ."

ಶ್ರೇಣಿಕನ ನಗು ನಿಂತಿತು. ಮುಬೀನಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಅಬ್ಬಾ, ಕುಂದರ್ರಿ, ನೀರ ತರಲೇನು?" ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ.

ಗಂಗೂಬಾಯಿ ಬಹಳ ಹೊತ್ತಿನಿಂದ ಮಡಿಸಿಟ್ಟ ಓಢಣಿಯನ್ನೇ ನೋಡುತ್ತಿದ್ದಳು. "ಅವತ್ತ ಸರ್ವರಬಿ ನನ್ನ ಬಾಜೂಕ ಕುಂತಿದ್ಲು," ಎಂದಳು. "ನೀ ಕೂಸು ಬದುಕೇತಿ ಅಂದ ಕೂಡ್ಲೆ ನನ್ನ ಕೈ ಹಿಡಕೊಂಡ್ಲು. ಎಷ್ಟ ಬಿಗಿ ಹಿಡದಿದ್ಲಂದ್ರ, ಬಳಿ ಒಡದು ರಕ್ತ ಬಂತು. ಯಾಕಂತ ನಾ ಕೇಳಲಿಲ್ಲ." ಟಿ.ವಿ.ಯ ಕಡೆ ಕೈ ಮಾಡಿ, "ಹೇಳು ಮಲಿಕಣ್ಣ. ಸುರು ಮಾಡು," ಎಂದಳು.

"ಅವ್ವಾ, ಹೊತ್ತ ಮುಳುಗಾಕತ್ತೈತಿ. ಆಮ್ಯಾಲ ಉಪಾಸ ಬೀಳತಿ," ಎಂದ ಶ್ರೇಣಿಕ.

"ಬಿದ್ರ ಬೀಳತೀನಿ. ಬಾಯಿ ಮುಚಗೊಂಡು ಕುಂದರು."

ಯಾರೂ ಹೇಳದೆಯೇ ಮಸರತ ಪಿಚ್ಚರನ್ನು ಹಿಂದಕ್ಕೆ ಓಡಿಸಿದಳು. ಮಹಾಪೂರಕ್ಕೆ ತಂದು ನಿಲ್ಲಿಸಿದಳು. ದನಿ ಪೂರ್ತಿ ಇಳಿಸಿದಳು. ಮಲಿಕಸಾಬ ಟಿ.ವಿ.ಯ ಎಡಗಡೆ ಹೋಗಿ ನಿಂತ. ಟೆಂಟಿನಲ್ಲೂ ಅವನ ಜಾಗ ಪರದೆಯ ಎಡಗಡೆಯೇ. ಕೈಯಲ್ಲಿ ಮೈಕಿರಲಿಲ್ಲ, ತಸ್ಬಿಯನ್ನು ಜೇಬಿಗಿಳಿಸಿ ಗಂಟಲು ಸರಿಮಾಡಿಕೊಂಡ.

"ಕೇಳ್ರಿ ಮಂದಿ! ಹೊಳಿ ಬಂತು. ಸಮಾಧಾನನ ಕೂಸು ಹೋತು. ಎಲ್ಲಾರೂ ಹೋತು, ಹೋತು ಅಂತ ಒದರಾಕತ್ತಾರ. ಒದರವರು ಒದರಲಿ. ಹೊಳಿಗೆ ಈ ದಂಡಿ ಒಂದ ಐತೇನು?"

ಮೊದಲು ಒಡೆದ ದನಿ, ಬರಬರುತ್ತ ತುಂಬಿಕೊಂಡಿತು. ಮುಬೀನಾ ಆ ದನಿಯನ್ನು ಎಂದೂ ಕೇಳಿರಲಿಲ್ಲ. ಪರದೆಯ ಮೇಲೆ ಸಣ್ಣ ಪೆಟ್ಟಿಗೆ ಬಂದಾಗ ಶ್ರೇಣಿಕ ಮುದುಕನ ಮುಖ ನೋಡಿದ, ಈಗೇನು ಹೇಳುತ್ತಾನೆ ಎಂಬಂತೆ.

"ಪೆಟಗಿ ಖಾಲಿ ಐತಿ," ಎಂದ ಮಲಿಕಸಾಬ, ಕಣ್ಣು ತಗ್ಗಿಸದೆ. "ತಿಳೀಲಾರದ ಮಂದಿ. ಖಾಲಿ ಪೆಟಗಿ ಹೂಳಾಕತ್ತಾರ. ಅಪ್ಪ ಸುಮ್ಮ ನಿಂತಾನ ನೋಡ್ರಿ. ಅವಗ ಗೊತ್ತೈತಿ. ವಾದ ಮಾಡಂಗಿಲ್ಲ."

ಅಂಬಿಗ ದೋಣಿ ಬಿಚ್ಚಿದ. ಮಂಜು ಕವಿದ ಹೊಳೆ ತೆರೆದುಕೊಂಡಿತು.

"ನೋಡ್ರಿ, ಹೊಂಟ. ಹುಟ್ಟು ಹಾಕೂದು ನೋಡ್ರಿ. ಅವಸರ ಇಲ್ಲ, ಹೆದರಿಕಿ ಇಲ್ಲ. ಆಚೆ ದಂಡಿ ನಿಮಗ ಕಾಣವಲ್ದು, ಅವಗ ಕಾಣಾಕತ್ತೈತಿ. ಅಲ್ಲಿ ಕಲ್ಲಿನ ಮ್ಯಾಲ ಕೂಸು ಕುಂತೈತಿ. ಒಬ್ಬಾಕಿನ ಇಲ್ಲ ಈಗ. ಅವ್ವ ಮುಂದ ಹೋಗಿ ಮುಟ್ಯಾಳ. ಕೂಸಿನ ತಲಿ ಹಿಕ್ಕಾಕತ್ತಾಳ. ಎಣ್ಣಿ ಹಚ್ಚಿ, ಎರಡ ಜಡಿ ಹಾಕಿ, ದಾರಿ ನೋಡಾಕತ್ತಾಳ. ಅಂಬಿಗಾ, ಸಾವಕಾಶ ಬಾ. ಅವರು ಎಲ್ಲೂ ಹೋಗಂಗಿಲ್ಲ."

ದೋಣಿ ಮಂಜಿನಲ್ಲಿ ಕರಗುವ ಹೊತ್ತಿಗೆ ಗೋಡೆಯ ಮೇಲಿನ ಬಿಸಿಲು ಇರಲಿಲ್ಲ.

ಗಂಗೂಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಲಿಕಣ್ಣ, ಮೊದಲ ಈ ಕತಿಯೊಳಗ ಅವ್ವ ಇದ್ದಿಲ್ಲಲ್ಲ?"

"ಈಗ ಅದಾಳ," ಎಂದ ಮಲಿಕಸಾಬ.

ಮಸೀದಿಯಿಂದ ಮಗ್ರಿಬ್‌ನ ಅಜಾನ್ ಎದ್ದಿತು. ಮುಬೀನಾ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಜಾನ್ ಕೇಳಿದಾಗ ಟಿ.ವಿ.ಯ ದನಿ ಇಳಿಸುವುದು ಆ ಮನೆಯ ರೂಢಿ. ಮಸರತಳ ಕೈ ತಾನಾಗಿ ರಿಮೋಟಿನ ಕಡೆ ಹೋಯಿತು. ದನಿ ಆಗಲೇ ಇರಲಿಲ್ಲ. ಶ್ರೇಣಿಕ ತಾಯಿಯನ್ನು ಎಬ್ಬಿಸಲು ಕೈ ಚಾಚಿದ. ಅವಳು ಅಜಾನ್ ಮುಗಿಯಲಿ ಎಂದು ಕಣ್ಣಿನಲ್ಲೇ ಹೇಳಿದಳು. ಮಲಿಕಸಾಬ ಓಢಣಿಯನ್ನು ಹೆಗಲ ಮೇಲೆ ಹಾಕಿಕೊಂಡು ನಮಾಜಿಗೆ ಮುಂಚಿನ ವಜೂ ಮಾಡಲು ನೀರಿನ ಕಡೆ ನಡೆದ.