ಸೊಂಟದ ಗಂಟು

"ಉಸಿರಿರೂತನಕಾ ಇದನ್ನ ಮೈಮ್ಯಾಲಿಂದ ತಗ್ಯಾಂಗಿಲ್ಲಪ್ಪಾ" ಎಂದು ಶಿವಲೀಲಾ ಕೊರಳಿನ ಇಷ್ಟಲಿಂಗ ಮುಟ್ಟಿ ಅಪ್ಪನಿಗೆ ಮಾತು ಕೊಟ್ಟಾಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ.

ಈಗ ಅವಳು ಬೆಂಗಳೂರಿನ ಬಿಟಿಎಂನಲ್ಲಿ ಬಾಡಿಗೆಗಿದ್ದು, ಬ್ಲೌಸು ಹೊಲಿದು ಮಗಳನ್ನು ಸಾಕುತ್ತಿದ್ದಳು. ಗಂಡ ತೀರಿಕೊಂಡಾಗ ಜೊತೆಗೆ ನಿಂತವರು ಹುಳಿಮಾವಿನ ಒಂದು ಸಣ್ಣ ಚರ್ಚಿನವರು. ಅವರ ಯೇಸುವನ್ನು ಅವಳು ಮನಸಾರೆ ನಂಬಿದ್ದಳು. ಆದರೂ ದೀಕ್ಷಾಸ್ನಾನದ ದಿನ ಪಾಸ್ಟರು, "ಹಳೇದೆಲ್ಲಾ ಬಿಟ್ಟು ಬಂದಿದ್ದೀಯಾಮ್ಮಾ?" ಎಂದು ಕೇಳಿದಾಗ ಹೂಂ ಎಂದವಳ ಸೊಂಟದಲ್ಲಿ, ಸೀರೆಯೊಳಗೆ, ಲಿಂಗ ಬಟ್ಟೆ ಸುತ್ತಿಕೊಂಡು ಕೂತಿತ್ತು.

ತೊಟ್ಟಿಯಲ್ಲಿ ಮುಳುಗಿ ಎದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಗಂಟು ಜಾರಿ ತಳ ಸೇರಿತ್ತು. ಅವಳ ಕೈಹಿಡಿದು ಹತ್ತಿಸಲು ನೀರಿಗಿಳಿದಿದ್ದ ಪಾಸ್ಟರ ಹೆಂಡತಿ ರೂತಕ್ಕನ ಕಾಲಿಗೆ ಅದು ತಗುಲಿತು. ಅವರು ಎತ್ತಿ, ಬಿಚ್ಚಿ ನೋಡಿ, "ಅಯ್ಯೋ, ಇದ್ಯಾರ್ದಮ್ಮ? ನಿಂದೇನಾ?" ಎಂದರು ಮೆಲ್ಲಗೆ.

ಮುಂದಿನ ಸಾಲಿನಲ್ಲಿ ಮಗಳು ನಿಂತಿದ್ದಳು. ಬೆಳಿಗ್ಗೆ ಆ ಗಂಟಿಗೆ ದಾರ ಬಿಗಿದುಕೊಟ್ಟವಳು ಅವಳೇ.

"ನಂದಲ್ರೀ ಅಕ್ಕಾ" ಎಂದಳು ಶಿವಲೀಲಾ. ಮಗಳು ತಲೆ ತಗ್ಗಿಸಿದಳು. ತಾಯಿಗೆ ಆ ಕಡೆ ನೋಡುವ ಮುಖವಿರಲಿಲ್ಲ.

ಅಪ್ಪನಿಗೆ ಕೊಟ್ಟ ಮಾತು ಅಂದು ಮುರಿಯಿತು.