ಹಸಿರು ಬಣ್ಣದ ಏಳು

ಮುದ್ರಣಾಲಯದಲ್ಲಿ ಕರಡು ತಿದ್ದುವ ಹೆಂಗಸನ್ನು ಎಲ್ಲರೂ ಹದ್ದಿನಕ್ಕ ಎಂದೇ ಕರೆಯುತ್ತಿದ್ದರು. ರೈಲಿನ ವೇಳಾಪಟ್ಟಿಯಲ್ಲಿ ಎಲ್ಲಾದರೂ ಅಂಕಿ ಅದಲುಬದಲಾಗಿದ್ದರೆ ಸಾಕು, ಪುಟ ತಿರುವುವಷ್ಟರಲ್ಲಿ ಅವಳ ಕಣ್ಣಿಗೆ ಬಿದ್ದುಬಿಡುತ್ತಿತ್ತು. ಹೇಗೆ ಎಂದು ಕೇಳಿದರೆ ನಕ್ಕು ಮಾತು ತೇಲಿಸುತ್ತಿದ್ದಳು. ನಿಜ ಹೇಳುವಂತಿರಲಿಲ್ಲ. ಅವಳಿಗೆ ಒಂದೊಂದು ಅಂಕಿಯೂ ಒಂದೊಂದು ಬಣ್ಣ: ಎರಡು ಕೆಂಪು, ಐದು ನೀಲಿ, ಏಳು ಎಳೆಹಸಿರು. ಚಿಕ್ಕವಳಿದ್ದಾಗ "ಅಮ್ಮಾ, ಏಳು ಯಾಕೆ ಹಸಿರು?" ಎಂದು ಕೇಳಿದ್ದಕ್ಕೆ ತಾಯಿ ಓಡಿಹೋಗಿ ಬಾಗಿಲು ಮುಚ್ಚಿ, "ಇನ್ನೊಂದ್ಸಲ ಈ ಮಾತು ಎತ್ತಿದ್ರೆ ನೋಡು!" ಎಂದು ಗದರಿಸಿದ್ದಳು. ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ತನ್ನ ತಲೆಯಲ್ಲೇ ಏನೋ ಐಬಿದೆ ಎಂದು ಮಗಳು ಅಂದೇ ತೀರ್ಮಾನಿಸಿದಳು. ಮದುವೆಯಾದ ಮೇಲೆ ಗಂಡನೆದುರೂ ಬಾಯಿ ಬಿಡಲಿಲ್ಲ.

ಹೀಗಿರುವಾಗ ಮಾಲೀಕರು ಮುದ್ರಣಾಲಯದ ಕಂಪ್ಯೂಟರಿಗೆ ಇಂಟರ್ನೆಟ್ ಹಾಕಿಸಿದರು. ಫೋನಿನ ತಂತಿ ಸಿಕ್ಕಿಸಿದರೆ ಅದರ ಪಕ್ಕದ ಪುಟ್ಟ ಪೆಟ್ಟಿಗೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತಿತ್ತು. ಆಮೇಲೆ ಪರದೆಯ ಮೇಲೆ ಪುಟಗಳು ಒಂದೊಂದೇ ಗೆರೆಯಾಗಿ ಇಳಿಯುತ್ತಿದ್ದವು. ಊಟದ ಬಿಡುವಿನಲ್ಲಿ ಹದ್ದಿನಕ್ಕ ಅದರ ಮುಂದೆ ಕೂರತೊಡಗಿದಳು. ಯಾವನೋ ತನ್ನ ಕುಂಟು ನಾಯಿಗೆಂದೇ ಒಂದು ಪುಟ ಮಾಡಿದ್ದ. ಇನ್ನೊಬ್ಬಳು ತಾನು ಕೂಡಿಹಾಕಿದ ಅಂಗಿಯ ಗುಂಡಿಗಳನ್ನೆಲ್ಲ ಜೋಡಿಸಿಟ್ಟಿದ್ದಳು. ಇವರಿಗೆ ಸಂಕೋಚವೇ ಇಲ್ಲವಲ್ಲ ಎನ್ನಿಸಿತು; ಮರುಗಳಿಗೆಯೇ ಹೊಟ್ಟೆಕಿಚ್ಚಾಯಿತು.

ಪುಟ ಕಟ್ಟಲು ಬಿಟ್ಟಿ ಜಾಗ ಕೊಡುವ ತಾಣವೊಂದು ಸಿಕ್ಕಿತು. ಬೇರೆಯವರ ಪುಟಗಳ ಒಳಗನ್ನು ಇಣುಕಿ ನೋಡಿ, ಯಾವ ಗುರುತು ಹಾಕಿದರೆ ಅಕ್ಷರ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಕಲಿತಳು. ಕೊನೆಗೊಂದು ಮಧ್ಯಾಹ್ನ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳನ್ನು ತನಗೆ ಕಾಣುವ ಬಣ್ಣದಲ್ಲೇ ಬರೆದು, ಕೆಳಗೆ ಹರುಕುಮುರುಕು ಇಂಗ್ಲಿಷಿನಲ್ಲಿ, 'ನನಗೆ ಹೀಗೆ ಕಾಣುತ್ತವೆ. ಇನ್ಯಾರಿಗಾದರೂ ಹೀಗಾಗುತ್ತದೆಯೇ?' ಎಂದು ಕೇಳಿ, ಮಿಂಚಂಚೆಯ ವಿಳಾಸ ಕೊಟ್ಟಳು. ಹೆಸರು ಹಾಕಲಿಲ್ಲ. ಪುಟ ಇಂಟರ್ನೆಟ್ಟಿಗೆ ಏರಿದ್ದೇ ತಡ, ತಪ್ಪು ಮಾಡಿದೆ ಎನ್ನಿಸಿತು. ಅಳಿಸೋಣವೆಂದು ಕೈ ಹಾಕುವಷ್ಟರಲ್ಲಿ ಮಾಲೀಕರು ಅದೇ ತಂತಿಯ ಫೋನ್ ಎತ್ತಿಕೊಂಡರು, ಸಂಪರ್ಕ ಕಡಿದುಹೋಯಿತು.

ಮರುದಿನ ಅಳಿಸಲೆಂದೇ ಬೇಗ ಬಂದವಳಿಗೆ ಒಂದು ಮಿಂಚಂಚೆ ಕಾದಿತ್ತು. ಯಾವುದೋ ದೂರದ ಊರಿನ ಸಂಗೀತದ ಮೇಷ್ಟ್ರು ಬರೆದಿದ್ದರು: 'ನನಗೂ ಹೀಗೇ. ಇದು ಕಾಯಿಲೆಯಲ್ಲ, ವೈದ್ಯರು ಇದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ. ನಮ್ಮಂಥವರು ಬೇಕಾದಷ್ಟು ಜನ ಇದ್ದೇವೆ. ಆದರೆ ನಿಮ್ಮ ಏಳು ತಪ್ಪು. ಏಳು ಹಳದಿ.'

ಅವಳಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿಬಂದವು.

"ಏನಮ್ಮಾ, ಕೆಟ್ಟ ಸುದ್ದೀನಾ?" ಮಾಲೀಕರು ಗಾಬರಿಯಾದರು.

"ಇಲ್ಲ ಸಾರ್. ಯಾರೋ ನನ್ನ ಏಳು ತಪ್ಪು ಅಂತಿದಾರೆ."

"ನಿನ್ನ ತಪ್ಪು ಹುಡುಕೋರೂ ಹುಟ್ಕೊಂಡ್ರಾ!" ಎಂದು ಅವರು ಒಳಗೆ ಹೋದರು.

ಸಂಜೆ ನೇರ ತವರಿಗೆ ಹೋದಳು. ತಾಯಿ ಬಟಾಣಿ ಸುಲಿಯುತ್ತ ಕುಳಿತಿದ್ದಳು. ಮಗಳು ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದಳು. ತಾಯಿಯ ಕೈ ನಿಂತಿತು.

"ಕಾಯಿಲೆ ಅಲ್ಲ ಅಂದ್ರಾ? ಖಂಡಿತಾ?"

"ಖಂಡಿತಾ ಅಮ್ಮ."

"ಏಳು ಹಳದೀನೂ ಅಲ್ಲ, ಹಸಿರೂ ಅಲ್ಲ ಕಣೆ," ತಾಯಿ ಮೆಲ್ಲಗೆ ಹೇಳಿದಳು. "ಕಂದು."

ಮಗಳು ಬಟಾಣಿ ಪಾತ್ರೆ ಪಕ್ಕಕ್ಕೆ ಸರಿಸಿ ಅವಳ ಹತ್ತಿರಕ್ಕೆ ಜರುಗಿದಳು.

"ನಾನು ಹೀಗೆ ಅಂದಿದ್ದಕ್ಕೆ ನಮ್ಮಪ್ಪ ಸ್ಕೂಲು ಬಿಡಿಸಿಬಿಟ್ರು. ಹುಡುಗಿಗೆ ತಲೆ ಕೆಟ್ಟಿದೆ ಅಂತ ಊರೆಲ್ಲ ಮಾತಾಯ್ತು. ನಿನಗೂ ಅದೇ ಗತಿ ಆಗ್ಬಾರ್ದು ಅಂತ ಬಾಯಿ ಮುಚ್ಚಿಸ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಬ್ಬಾ! ಈಗ ಉಸಿರು ಬಂದಂಗಾಯ್ತು."

ರಜೆಯ ದಿನ ಮಾಲೀಕರನ್ನು ಒಪ್ಪಿಸಿ ಮಗಳು ತಾಯಿಯನ್ನು ಮುದ್ರಣಾಲಯಕ್ಕೆ ಕರೆದೊಯ್ದಳು. ತಾಯಿ ಕನ್ನಡಕ ಏರಿಸಿ, ಪರದೆಗೆ ಮೂಗು ತಗುಲುವಷ್ಟು ಬಾಗಿ, ತನ್ನ ಬಣ್ಣಗಳನ್ನು ಒಂದೊಂದಾಗಿ ಹೇಳಿ ಎರಡನೆಯ ಸಾಲು ಹಾಕಿಸಿದಳು. ಐದರ ಹತ್ತಿರ ಇಬ್ಬರಿಗೂ ಜೋರು ಜಗಳವೇ ಆಯಿತು. ಕೊನೆಗೆ ನೋಡಿದರೆ ಸಾಲಿನಲ್ಲಿ ಒಂದು ಅಂಕಿ ನಾಪತ್ತೆ.

"ನನ್ನ ಒಂದು ಎಲ್ಲೇ?"

"ಬಿಳಿ ಅಂದ್ಯಲ್ಲಮ್ಮ. ಪುಟವೂ ಬಿಳಿ, ಕಾಣೋದು ಹೇಗೆ?"

"ಹಾಗಾದ್ರೆ ಪುಟಾನೇ ಕಪ್ಪು ಮಾಡು," ಎಂದಳು ತಾಯಿ. ಮಗಳು ನಗುತ್ತ ಕೀಲಿಮಣೆಯನ್ನು ಹತ್ತಿರಕ್ಕೆಳೆದುಕೊಂಡಳು.