ಹಸಿ ಹಚ್ಚೆಯ ಮೇಲೆ ವಿಭೂತಿ

ಪಣಕಹಳ್ಳಿಯಲ್ಲಿ ಯಾರದಾದರೂ ಕೈ ಊದಿದರೆ ವೈದ್ಯರಿಗೆ ಬರವಿಲ್ಲ. ಮನೆಗೊಬ್ಬ ವೈದ್ಯ ಎದ್ದು ಬರುತ್ತಾನೆ. ಅವರಿಗೆಲ್ಲ ಹಿರಿಯ ವೈದ್ಯ ಈ ಚನ್ನಯ್ಯ, ಅಂದರೆ ನಾನು. ನಾನು ಮಾತಿಗೆ ನಿಂತರೆ ತಾಳವಾಡಿ ಬಸ್ಸು ಕೂಡ ಒಂದು ಗಳಿಗೆ ನಿಂತು ಕೇಳಿ ಹೋಗುತ್ತದೆ. ಅಂಥ ನನಗೂ ವೃಷಭೇಂದ್ರನ ಕೈ ನೋಡಿದ ಬೆಳಿಗ್ಗೆ ಮಾತು ಹೊರಡಲಿಲ್ಲ.

ಅವನ ಅಪ್ಪ ಶಿವಮಲ್ಲಪ್ಪ ನನ್ನ ಪಕ್ಕದ ಹೊಲದವನು. ಹೋದ ವರ್ಷ ಜೋಳ ಮುರಿಯುವ ಕಾಲದಲ್ಲಿ ಎದೆನೋವು ಬಂದು ತೀರಿಕೊಂಡ. ವರ್ಷದ ಪೂಜೆ ಮುಗಿದ ಮೇಲೆ ಮಗ ಮುಂಗೈಗೆ ಅಪ್ಪನ ಹೆಸರಿನ ಹಚ್ಚೆ ಹಾಕಿಸಿಕೊಳ್ಳಲು ಹಟ ಹಿಡಿದ. ಚಾಮರಾಜನಗರಕ್ಕೆ ಹೊರಟಾಗ ನನ್ನನ್ನೂ ಕರೆದ.

“ಚನ್ನಯ್ಯಮಾವ, ಬಾಳ ನೋವಾಯ್ತದಾ?”

“ಉಲಿ ಪರಚ್ದಂಗಾಯ್ತದ ಕಣ್ಲಾ. ನಾನಾಗಿದ್ರೆ ಗೊರಕೆ ಒಡ್ಕೊಂಡೇ ಆಕಿಸ್ಕೊತಿದ್ದಿ.”

ಹಚ್ಚೆ ಅಂಗಡಿಯವನು ಒಳ್ಳೆಯವನು. ವಯಸ್ಸು ಕೇಳಿದ, ಊಟ ಮಾಡಿದ್ದೀಯಾ, ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿದ. ಕೈ ತೊಳೆದು ಗ್ಲೌಸ್ ಹಾಕಿಕೊಂಡ. ಹೊಸ ಸೂಜಿಯ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಒಡೆದು, ಹೊಸ ಬಟ್ಟಲಿಗೆ ಬಣ್ಣ ಬಿಟ್ಟುಕೊಂಡ. ಸೂಜಿ ತಾಕಿದಾಗ ವೃಷಭೇಂದ್ರ ನನ್ನ ಕೈ ಹಿಡಿದ ಹಿಡಿತಕ್ಕೆ ನನ್ನ ಮೂಳೆಗಳೆಲ್ಲ ರಾಗಿಹಿಟ್ಟಾದವು.

“ಉಲಿ ಅಲ್ಲ ಮಾವ, ಕೆಂಜಿಗ ಕಚ್ಚಿದ ತಾವೇ ತಿರ್ಗಾ ಕಚ್ಚ್ದಂಗದ. ಮೂಳೆ ತಾವ ಇನ್ನೊಸಿ ಜಾಸ್ತಿ. ತಡ್ಕೊಬೋದು.”

ಹೆಸರು ಪೂರ್ತಿ ಮೂಡಿದಾಗ ಅವನು ಅತ್ತ. ಆ ಅಳು ನೋವಿನದಲ್ಲ.

“ಇದು ಚಿತ್ರ ಅನ್ಕೋಬೇಡಿ, ಗಾಯ,” ಎಂದ ಅಂಗಡಿಯವನು. “ಕೈ ತೊಳೆದೇ ಮುಟ್ಟಿ. ನಾನು ಕೊಟ್ಟ ಮುಲಾಮು ಬಿಟ್ಟು ಬೇರೇನೂ ಹಚ್ಚಬೇಡಿ.”

ಮನೆಯಲ್ಲಿ ಅವನ ಅವ್ವ ಪುಟ್ಟಬಸಮ್ಮ ಆ ಹೆಸರನ್ನು ನೋಡುತ್ತಾ ಬಹಳ ಹೊತ್ತು ನಿಂತಳು. ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅವಳು ಮದುವೆಯಾದ ದಿನದಿಂದ ಆ ಹೆಸರನ್ನು ಬಾಯಲ್ಲಿ ಆಡಿದವಳೇ ಅಲ್ಲ. ದೇವರಗೂಡಿನಲ್ಲಿ ಶಿವಮಲ್ಲಪ್ಪ ತೇಯ್ದು ಉಳಿಸಿದ ವಿಭೂತಿಗಟ್ಟಿ ಹಾಗೇ ಇತ್ತು. ಮಾರನೆಯ ಬೆಳಿಗ್ಗೆ ಅದನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಮಗನ ಹಣೆಗೂ ತೋಳಿಗೂ ಎಳೆದ ಹಾಗೆ, ಹಸಿ ಹಚ್ಚೆಯ ಮೇಲೂ ಎಳೆದಳು.

“ಅಂಗಡಿಯವ ಬ್ಯಾಡ ಅಂದವ್ನ ಕಣವ್ವ,” ಎಂದ ಮಗ.

“ಅವ್ರ ಯಸ್ರು ಈಬೂತಿ ಇಲ್ದೆ ಇರಕೂಡ್ದು ಮಗ.”

ಅವನು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಇದೇ ನಡೆಯಿತು. ಜಗಲಿಯಲ್ಲಿ ಕೂತು ನೋಡುತ್ತಿದ್ದ ನನ್ನ ಕಣ್ಣಲ್ಲಿ ಒಂದು ಕೆರೆಗಾಗುವಷ್ಟು ನೀರು ಬರುತ್ತಿತ್ತು.

ವಾರ ಕಳೆಯುವುದರೊಳಗೆ ಕೈ ಊದಿತು. ಮುಟ್ಟಿದರೆ ಬಿಸಿ. ವಿಭೂತಿಯ ಕೆಳಗೆ ಕೀವು. ಜ್ವರ ಏರಿತು. ಬೀದಿಯ ವೈದ್ಯರು ಅರಿಶಿಣ, ಬೇವಿನೆಣ್ಣೆ ಎಂದು ಗದ್ದಲ ಮಾಡುವಾಗಲೇ ಊರಿಗೆ ಬರುವ ನರ್ಸ್ ಪ್ರಮೀಳಾ ಒಳಗೆ ಬಂದಳು.

“ಪುಟ್ಟಬಸಕ್ಕ, ಇದ್ನ ಬಳ್ದವ್ರು ಯಾರು?”

“ಅದು ಈಬೂತಿ ಕಣವ್ವ. ಅದ್ರಿಂದ ಯಾರ್ಗೂ ಕೆಟ್ಟದಾಗಿಲ್ಲ.”

“ಅಣೆಗಿಕ್ಕಿ, ನಾನೂ ಇಕ್ಕೊತೀನಿ. ಇದು ಬಾಯಿ ತೆರ್ದಿರೋ ಗಾಯ. ಇದ್ರೊಳಕ್ಕೆ ಈಬೂತಿ ಬಿದ್ರೂ ಒಂದೇ, ಕೊಟ್ಟಿಗೆ ದೂಳು ಬಿದ್ರೂ ಒಂದೇ.”

ಪುಟ್ಟಬಸಮ್ಮ ತನ್ನ ಮುಂಗೈ ಚಾಚಿದಳು. ಅಲ್ಲಿ ಹಸಿರು ಹಚ್ಚೆಯ ಹೂವಿತ್ತು. “ನೋಡು. ಕೊರವಂಜಿ ಒಲದ ಬದೀಲೇ ಕೂರುಸ್ಕೊಂಡು ಅಚ್ಚೆ ಉಯ್ದ್ಲು. ಅರಿಶಿಣ ಬಳುದ್ಲು, ಅಷ್ಟೇಯ. ನಂಗೇನಾಯ್ತು?”

“ನಿಮ್ಗೇನೂ ಆಗ್ನಿಲ್ಲ. ಅವತ್ತು ಅದೇ ಸೂಜೀಲಿ ಉಯ್ಸ್ಕೊಂಡವ್ರೆಲ್ಲ ನಿಮ್ಮಂಗೇ ಅವ್ರಾ?”

ಪುಟ್ಟಬಸಮ್ಮನ ಕೈ ನಿಧಾನವಾಗಿ ಮಡಿಲಿಗೆ ಇಳಿಯಿತು.

“ನನ್ ತಂಗಿ ಚೌಡಮ್ಮ,” ಎಂದಳು. “ಅವ್ಳ ಕೈ ಕೀತ್ಕೊಂತು. ಬೆಳ್ಳು ಮಡ್ಚಕಾಗಲ್ಲ. ಈಗ್ಲೂ ಕುಡ್ಲು ಇಡಿಯಕಿಲ್ಲ ಅವ್ಳು.”

“ಈ ಕೆಂಪುಗೆರೆ ನೋಡಿ, ಮೊಣಕೈ ಕಡಿಕೆ ಏರ್ತಾ ಅದ. ನಂಜು ಮೇಲಕ್ಕೋಯ್ತಾ ಅದ. ಈಗ್ಲೇ ಒರಡಿ.”

ನನ್ನ ಸ್ಕೂಟರು ಅವತ್ತು ಓಡಿದ ಓಟಕ್ಕೆ ಆನೆ ಅಟ್ಟಿಸಿಕೊಂಡು ಬಂದಿದ್ದರೂ ಹಿಂದೆ ಬೀಳುತ್ತಿತ್ತು. ತಾಳವಾಡಿ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕೀವು ತೆಗೆದು, ಸೂಜಿಮದ್ದು ಕೊಟ್ಟು, ಅಲ್ಲೇ ಮಲಗಿಸಿದರು. ಇನ್ನೂ ತಡವಾಗಿದ್ದರೆ ಕೈ ಅಲ್ಲ, ಜೀವದ ಮಾತಾಗುತ್ತಿತ್ತು ಎಂದರು.

“ಅವ್ವ, ಅಪ್ಪನ ಯಸ್ರು ಅಳ್ಸೋಯ್ತದಾ?” ಎಂದು ಮಗ ಕೇಳಿದ.

ಅವಳು ಅವನ ತಲೆ ಸವರುತ್ತಾ ಕೂತಿದ್ದಳು.

ಊರಿಗೆ ಬಂದ ಮೇಲೆ ಅವಳೇ ಕಾವಲು ನಿಂತಳು. ಸೋಪಿನಲ್ಲಿ ಕೈ ತೊಳೆದು, ಕಾಯಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆದು, ಒಗೆದ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸುತ್ತಿದ್ದಳು. ಡಾಕ್ಟರು ಬರೆದ ಮುಲಾಮನ್ನು ತೆಳ್ಳಗೆ ಹಚ್ಚುತ್ತಿದ್ದಳು. ಬಿಸಿಲಿಗೆ ಹೊರಟರೆ ಸಡಿಲವಾದ ತುಂಬುತೋಳಿನ ಅಂಗಿ. ಕೆರೆ ಬಾವಿಯಲ್ಲಿ ಈಜುವ ಹಾಗಿಲ್ಲ. ನವೆ ಬಂದು ಅವನು ಗಾಯದ ಮೇಲೆ ಒಣಗಿದ ಹೆಕ್ಕಳೆ ಕೀಳಲು ಹೋದರೆ ಕೈಗೆ ಏಟು. ನಾನು ನೋಡಲು ಬಗ್ಗಿದರೆ, “ಕೈ ತೊಳ್ದಿದ್ದಯಾ ಚನ್ನಯ್ಯಣ್ಣ? ಇಲ್ದಿದ್ರೆ ಅಲ್ಲೇ ನಿಂತ್ಕೊ,” ಎನ್ನುತ್ತಿದ್ದಳು. ವಿಭೂತಿ ಹಣೆಯಲ್ಲೇ ಉಳಿಯಿತು.

ಕೈ ಉಳಿಯಿತು. ಹೆಸರು ಪೂರ್ತಿ ಉಳಿಯಲಿಲ್ಲ. ನಡುವಿನ ಒಂದು ಅಕ್ಷರವಿದ್ದ ಜಾಗದಲ್ಲಿ ಬರೀ ಗಾಯದ ಕಲೆ. ವೃಷಭೇಂದ್ರ ಅದನ್ನೇ ನೋಡುತ್ತಾ ಜಗಲಿಯಲ್ಲಿ ಕೂತಿದ್ದ. ಪುಟ್ಟಬಸಮ್ಮ ಕೈ ತೊಳೆದು ಬಂದು ಅವನ ಪಕ್ಕ ಕೂತು, ಆ ಕಲೆಯ ಮೇಲೆ ಬೆರಳಿಟ್ಟಳು.

“ಶಿವಮಲ್ಲಪ್ಪ,” ಎಂದಳು. ಮೊದಲ ಸಲ. ಒಂದಕ್ಷರವೂ ಬಿಡದೆ.

ನಾನು ಆಡಿದ್ದರಲ್ಲಿ ಅರ್ಧ ಕಳೆದು ಕೇಳುವುದು ನಮ್ಮೂರಿನವರ ರೂಢಿ. ಇಲ್ಲಿ ಮುಂದೆ ಹೇಳುವುದರಲ್ಲಿ ಮಾತ್ರ ಏನನ್ನೂ ಕಳೆಯಬೇಡಿ. ಹಚ್ಚೆ ಹಾಕಿಸಿಕೊಳ್ಳಬೇಕೆಂದಿದ್ದರೆ ಹದಿನೆಂಟು ತುಂಬಲಿ, ಹೊಟ್ಟೆಗೆ ಊಟ ಬಿದ್ದಿರಲಿ. ಸೂಜಿ ನಿಮ್ಮೆದುರೇ ಒಡೆದ ಹೊಸದಾಗಿರಲಿ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಕಾಮಾಲೆಯನ್ನೂ ಏಡ್ಸನ್ನೂ ಅಂಟಿಸಬಲ್ಲದು. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ನರ್ಸಮ್ಮನನ್ನು ಕೇಳಿ. ಹಚ್ಚೆ ಮಾಯಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಅದು ಗಾಯ. ಅರಿಶಿಣ, ಎಣ್ಣೆ, ವಿಭೂತಿ ಯಾವುದೂ ಬೇಡ. ಊತ, ಕೀವು, ಜ್ವರ, ಮೇಲೇರುವ ಕೆಂಪುಗೆರೆ ಕಂಡರೆ ನನ್ನಂಥ ವೈದ್ಯರನ್ನು ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ನೀವು ಪ್ರೀತಿಸಿದವರ ಹೆಸರು ನಿಮ್ಮ ಮೈಮೇಲೆ ಇರಬೇಕಾದರೆ, ಮೊದಲು ಆ ಮೈ ಚೆನ್ನಾಗಿರಬೇಕು.